ಕಾಗೆಸ್ವಾಮಿಯ ಮೂರು ಮನೆ

ಶಿವಮೊಗ್ಗದಿಂದ ಸಾಗರಕ್ಕೆ ಹೊರಟ ಬಸ್ಸು ಕುಂಸಿ ದಾಟುವ ಹೊತ್ತಿಗಾಗಲೇ, ನಾವು ಹೋಗುತ್ತಿರುವುದು ಸರಿಯಾದ ಊರಿಗೇ ಹೌದೋ ಅಲ್ಲವೋ ಎಂಬ ಅನುಮಾನ ನನಗೆ ಹತ್ತಿತ್ತು. ಕಿಟಕಿಯ ಪಕ್ಕ ಕುಳಿತಿದ್ದ ಮೆಲಿಟಾ ಫೋನಿನಲ್ಲಿ ಒಂದೇ ನಂಬರನ್ನು ಮತ್ತೆ ಮತ್ತೆ ಒತ್ತುತ್ತಿದ್ದಳು. ಪ್ರತಿ ಸಲವೂ ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎನ್ನುವ ಅದೇ ಹೆಂಗಸಿನ ಧ್ವನಿ. ಮಾರ್ಚ್ ತಿಂಗಳ ಬಿಸಿಲು ಬೆಳಿಗ್ಗೆಯೇ ಸೀಟಿನ ರೆಕ್ಸಿನನ್ನು ಕಾಯಿಸಿತ್ತು. ಸರ್ಕಾರಿ ಬಸ್ಸಾದ್ದರಿಂದ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ; ನಿಲ್ಲಲೂ ಜಾಗವಿರಲಿಲ್ಲ.

ಮೆಲಿಟಾ ನನ್ನ ತಮ್ಮ ಫೆಲಿಕ್ಸನ ಮಗಳು. ಅವಳು ಹೈಸ್ಕೂಲಿನಲ್ಲಿದ್ದಾಗ ತಾಯಿ ಲೂಸಿ ಕಾಯಿಲೆಯಿಂದ ತೀರಿಕೊಂಡಳು. ಫೆಲಿಕ್ಸ್ ಆಗ ಖಾಸಗಿ ಬಸ್ಸಿನ ಡ್ರೈವರ್. ಮಗಳನ್ನು ನನ್ನ ಮನೆಯಲ್ಲಿ ಬಿಟ್ಟು ಮತ್ತೆ ಬಸ್ಸು ಹತ್ತಿದ. ಮೊದಮೊದಲು ಪ್ರತಿ ಭಾನುವಾರ ಬರುತ್ತಿದ್ದ, ಆಮೇಲೆ ಹಬ್ಬಕ್ಕೊಮ್ಮೆ, ಆಮೇಲೆ ಫೋನು ಮಾತ್ರ. ಫೋನಿನ ನಂಬರೂ ಆಗಾಗ ಬದಲಾಗುತ್ತಿತ್ತು. ಕೆಲವು ವರ್ಷಗಳ ಹಿಂದೆ ಒಮ್ಮೆ ಕರೆ ಮಾಡಿ, ಮಠ ಸೇರಿದ್ದೇನೆ ಎಂದ. ಇದೂ ಅವನ ಉಳಿದ ಕೆಲಸಗಳ ಹಾಗೆ ನಾಲ್ಕು ದಿನದ್ದು ಅಂದುಕೊಂಡು ನಾನು ಹೆಚ್ಚು ಕೇಳಲಿಲ್ಲ. ಮೆಲಿಟಾ ಅಷ್ಟು ಹೊತ್ತಿಗೆ ನರ್ಸಿಂಗ್ ಓದುತ್ತಿದ್ದಳು. ಈಗ ಕೆಲಸಕ್ಕೂ ಸೇರಿದ್ದಾಳೆ.

ಈಗ ಎರಡು ದಿನದ ಹಿಂದೆ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಸಂತ ಬೆನೆಡಿಕ್ಟರ ಮಠದ ಹಿರಿಯ ಫಾದರ್ ಮಾತಾಡುತ್ತಿದ್ದರು, ಧ್ವನಿ ತುಂಡು ತುಂಡಾಗಿ ಬರುತ್ತಿತ್ತು. ಸಂತರ ಹಬ್ಬದ ದಿನ ನಿಮ್ಮ ತಮ್ಮ ಅಂತಿಮ ವ್ರತ ತೆಗೆದುಕೊಳ್ಳಲಿದ್ದಾರೆ, ಆ ವ್ರತವೆಂದರೆ ಸಾಯುವ ತನಕ ಅದೇ ಮನೆಯಲ್ಲಿ ನೆಲೆ ನಿಲ್ಲುವುದು, ಅವರಿಗೊಬ್ಬ ಮಗಳಿದ್ದಾಳೆ, ಅವಳು ಬಂದು ತನ್ನ ಆಕ್ಷೇಪವಿಲ್ಲ ಎಂದು ಬಾಯಿಬಿಟ್ಟು ಹೇಳದೆ ನಾನು ಮುಂದುವರಿಯುವುದಿಲ್ಲ ಎಂದರು. ಎಲ್ಲಿಗೆ ಬರಬೇಕು ಎಂದು ನಾನು ಕೇಳುವಷ್ಟರಲ್ಲಿ ಲೈನು ಹೋಯಿತು. ಆಮೇಲೆ ಸಿಗಲೇ ಇಲ್ಲ. ವಿಚಾರಿಸೋಣವೆಂದರೆ ನಮ್ಮ ಚರ್ಚಿನ ಫಾದರ್ ಊರಲ್ಲಿರಲಿಲ್ಲ. ನನಗೆ ಗೊತ್ತಿದ್ದ ಸಂತ ಬೆನೆಡಿಕ್ಟ ಒಬ್ಬನೇ, ಸಾಗರದಾಚೆ ಹೊನ್ನೆಮರಡಿನ ಕಡೆ ಶರಾವತಿ ಹಿನ್ನೀರಿನ ದಂಡೆಯಲ್ಲಿರುವ ಪುಟ್ಟ ಇಗರ್ಜಿಯವನು, ಅಂದರೆ ಚರ್ಚಿನವನು. ಅದು ನಮ್ಮ ಅಜ್ಜನ ಊರು; ಮಠವೂ ಅಲ್ಲೇ ಆಗಿರಬೇಕು ಎಂದುಕೊಂಡೆ.

ಮೆಲಿಟಾಗೆ ಹೇಳಿದಾಗ ಅವಳು ಬಟ್ಟೆ ತುಂಬಿಕೊಂಡು ಬಂದು ಬಾಗಿಲಲ್ಲಿ ನಿಂತಳು.

"ಬರ್ತೀನಿ ಅತ್ತೆ. ಆದ್ರೆ ಏನ್ ಹೇಳ್ತೀನಿ ಅಂತ ದಾರೀಲಿ ಕೇಳ್ಬೇಡಿ" ಎಂದಳು.

ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಸ್ವಾಮಿಗಳ ಆಶ್ರಮಕ್ಕೆ ಹೋಗಬೇಕು ಎಂದು ಆಟೋದವನಿಗೆ ಹೇಳಿದ್ದು ನನ್ನದೇ ತಪ್ಪು. ಅವನು ಮರುಮಾತಿಲ್ಲದೆ ವರದಹಳ್ಳಿಯ ದಾರಿ ಹಿಡಿದ. ಊರು ಬಿಟ್ಟು ಸುಮಾರು ದೂರ ಹೋದ ಮೇಲೆ ಎದುರಾದ ಫಲಕ ನೋಡಿ ನಿಲ್ಲಿಸಿದೆ. ಇಲ್ಲಿ ಆಶ್ರಮ ಅಂದ್ರೆ ವರದಹಳ್ಳಿನೇ ಅಲ್ವಾ, ನೀವು ಚರ್ಚು ಅನ್ಬೇಕಿತ್ತು ಎಂದು ಅವನು ಶಾಂತವಾಗಿಯೇ ಗಾಡಿ ತಿರುಗಿಸಿದ. ತಾಳಗುಪ್ಪದ ರಸ್ತೆಗೆ ಬಂದು ಮತ್ತೆ ಕವಲಿಗೆ ಇಳಿದೆವು. ಹಿನ್ನೀರಿನ ಹತ್ತಿರದ ಒಂದು ಅಂಗಡಿಯಲ್ಲಿ ಸಂತ ಬೆನೆಡಿಕ್ಟರ ಇಗರ್ಜಿ ಎಲ್ಲಿ ಎಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಬೆಂಚಿನ ಮೇಲೆ ಕೂತಿದ್ದ ಒಬ್ಬರು ಯೋಚಿಸಿ, "ಕಾಗೆಸ್ವಾಮಿ ಗುಡಿನಾ? ಮೇಲೆ ಐತಿ ಹೋಗಿ" ಎಂದರು.

ಸಂತರ ಪ್ರತಿಮೆಯ ಕಾಲ ಬಳಿ ರೊಟ್ಟಿ ಕಚ್ಚಿಕೊಂಡ ಕಾಗೆಯೊಂದಿದೆ. ಬೆನೆಡಿಕ್ಟರಿಗೆ ಆಗದವರು ಯಾರೋ ವಿಷ ಬೆರೆಸಿದ ರೊಟ್ಟಿ ಕಳಿಸಿದ್ದರಂತೆ, ದಿನವೂ ಅವರ ಕೈತುತ್ತು ತಿನ್ನಲು ಬರುತ್ತಿದ್ದ ಕಾಗೆ ಅದನ್ನು ಎತ್ತಿಕೊಂಡು ಹೋಗಿ ಯಾರಿಗೂ ಸಿಗದ ಕಡೆ ಎಸೆದು ಬಂತಂತೆ. ಇಟಲಿಯ ಸನ್ಯಾಸಿ ಶರಾವತಿಯ ದಂಡೆಗೆ ಬಂದು ಕಾಗೆಸ್ವಾಮಿಯಾದದ್ದು ಹೀಗೆ.

ಇಗರ್ಜಿಗೆ ಬೀಗ ಹಾಕಿತ್ತು. ಕೀಲಿ ಇದ್ದದ್ದು ಪಕ್ಕದ ಮನೆಯ ಚೌಡಮ್ಮನ ಹತ್ತಿರ. ಅವರು ನಮ್ಮ ಧರ್ಮದವರಲ್ಲ, ಗದ್ದೆ ಮಾಡುವ ಮನೆತನ. ಅಣೆಕಟ್ಟಿನ ನೀರಿನಲ್ಲಿ ಹಳೆಯ ಊರು ಮುಳುಗಡೆಯಾದಾಗ ನಮ್ಮಜ್ಜನೂ ಅವರ ಮಾವನೂ ಸೇರಿ ಈ ಪ್ರತಿಮೆಯನ್ನು ಗಾಡಿಯಲ್ಲಿ ಮೇಲಕ್ಕೆ ತಂದಿದ್ದರು. ಅಂದಿನಿಂದ ಗುಡಿಸಿ ದೀಪ ಹಚ್ಚುವುದು ಅವರ ಮನೆಯವರೇ. ಫಾದರ್ ಬರುವುದು ತಿಂಗಳಿಗೊಮ್ಮೆ. ಇಲ್ಲಿ ಮಠವೂ ಇಲ್ಲ, ಸನ್ಯಾಸಿಗಳೂ ಇಲ್ಲ ಎಂದು ಚೌಡಮ್ಮ ಹೇಳಿದಾಗ ನಾನು ಫೆಲಿಕ್ಸನ ಬಗ್ಗೆ ವಿಚಾರಿಸಿದೆ. ಹಬ್ಬ ನಾಡಿದ್ದು.

"ಡ್ರೈವರಣ್ಣ ಬರ್ತಿದ್ರು, ಈಗ ಬಾಳ ವರ್ಷ ಆತು" ಎಂದರು ಅವರು. "ಹೊಸನಗರದಾಗೆ ಹಾಸ್ಟೆಲ್ ವ್ಯಾನ್ ಹೊಡೀತೀನಿ ಅಂದಿದ್ರು. ಅದ್ಕೂ ಈ ಸ್ವಾಮಿದೇ ಹೆಸ್ರಂತೆ."

ನಾನು ಇದನ್ನು ಕೇಳಿಕೊಳ್ಳುತ್ತಿರುವಾಗ ಮೆಲಿಟಾ ಅಲ್ಲಿರಲಿಲ್ಲ. ನೀರು ಇಳಿದು ಬಿರುಕು ಬಿಟ್ಟ ಕೆಸರಿನ ಬಯಲಿನಲ್ಲಿ ದೂರ ನಡೆದುಹೋಗುತ್ತಿದ್ದಳು. ಅಲ್ಲಿ ಹಳೆಯ ಇಗರ್ಜಿಯ ಪಾಯ ಹೊರಬಿದ್ದಿತ್ತು. ಒಣಗಿದ ಮರದ ಬೊಡ್ಡೆಗಳ ನಡುವೆ ಅವಳು ಸಣ್ಣದಾಗುತ್ತಾ ಹೋದಳು. ಕೆಳಗೆ ಕೆಸರು ಹಸಿ ಇದ್ದರೆ ಎಂಬ ಹೆದರಿಕೆಯಲ್ಲಿ ನಾನು ಕೂಗಿದೆ. ಅವಳು ಪಾಯದ ಮೇಲೆ ಹತ್ತಿ, ಸುತ್ತ ಒಮ್ಮೆ ನಡೆದು, ತಿರುಗಿ ಬಂದಳು. ಚಪ್ಪಲಿಯ ಮಣ್ಣು ಕೆರೆಯುತ್ತಾ, ಚಿಕ್ಕವಳಿದ್ದಾಗ ಅಪ್ಪ ಇಲ್ಲಿಗೆ ಕರೆತಂದಿದ್ದ, ಆಗ ನೀರು ತುಂಬಿತ್ತು, ನೀರಿನೊಳಗೆ ಇಗರ್ಜಿಯ ಗಂಟೆ ಇದೆ ಅಂದಿದ್ದ ಎಂದಳು. ಚಪ್ಪಲಿ ಮೆಟ್ಟಿಕೊಂಡು, ಗಂಟೆ ಏನೂ ಇಲ್ಲ ಎಂದಳು.

ಅಂದು ಸಾಗರದ ಲಾಡ್ಜಿನಲ್ಲಿ ಉಳಿದು, ಮರುದಿನ ಬಟ್ಟೆಮಲ್ಲಪ್ಪ ಎಂಬ ಊರಿನ ಮೇಲೆ ಹೊಸನಗರಕ್ಕೆ ಹೋಗುವ ಖಾಸಗಿ ಬಸ್ಸು ಹಿಡಿದೆವು. ಮೊದಲ ಬಸ್ಸು ಕಣ್ಣೆದುರೇ ಹೋಗಿಬಿಟ್ಟಿತು, ಎರಡನೆಯದಕ್ಕೆ ತುಂಬಾ ಹೊತ್ತು ಕಾಯಬೇಕಾಯಿತು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಎದ್ದು ಬೋರ್ಡು ಓದುವುದು, ಕಂಟ್ರೋಲರನ್ನು ಕೇಳುವುದು, ಮತ್ತೆ ಬಂದು ಕೂರುವುದು. ಮೆಲಿಟಾ ಚುರುಮುರಿ ಕೊಂಡು ತಿನ್ನದೆ ಹಿಡಿದುಕೊಂಡಿದ್ದಳು. ಬಸ್ಸು ಹತ್ತಿದ ಮೇಲೂ ಹಾಗೆಯೇ ಹಿಡಿದಿದ್ದಳು. ಅವಳು ಏನು ಹೇಳುತ್ತಾಳೆ ಎಂಬುದಕ್ಕಿಂತ ನಾನು ಏನು ಬಯಸುತ್ತಿದ್ದೇನೆ ಎಂಬುದೇ ನನಗೆ ಗೊತ್ತಿರಲಿಲ್ಲ. ಅವಳು ಆಕ್ಷೇಪ ಎತ್ತಲಿ, ಅವನು ಮನೆಗೆ ಬರಲಿ ಎಂದು ಒಂದು ತಿರುವಿನಲ್ಲಿ ಅನ್ನಿಸಿದರೆ, ಬಂದು ಏನು ಮಾಡುತ್ತಾನೆ ಎಂದು ಮುಂದಿನ ತಿರುವಿನಲ್ಲಿ ಅನ್ನಿಸುತ್ತಿತ್ತು.

ಹೊಸನಗರದ ಸಂತ ಬೆನೆಡಿಕ್ಟರ ಮನೆ ಊರ ಹೊರಗೆ ಗೇರುಮರಗಳ ನಡುವೆ ಇತ್ತು. ಕನ್ಯಾಸ್ತ್ರೀಯರ ಒಂದು ಮನೆ, ದೂರದ ಹಳ್ಳಿಗಳ ಮಕ್ಕಳಿಗೆ ಒಂದು ಹಾಸ್ಟೆಲ್ಲು. ಹಿರಿಯ ಸಿಸ್ಟರ್ ನಮ್ಮ ಮುಖ ನೋಡಿದವರೇ ಮೊದಲು ಊಟಕ್ಕೆ ಕೂರಿಸಿದರು. ಕುಚ್ಚಲಕ್ಕಿ ಅನ್ನ, ಮೀನುಸಾರು, ಎಳೆ ಹಲಸಿನ ಪಲ್ಯ. ಫೆಲಿಕ್ಸ್ ಇಲ್ಲಿ ವ್ಯಾನು ಓಡಿಸಿದ್ದು ನಿಜ, ಆಮೇಲೆ ಮಠ ಸೇರಿದ, ಅದು ತೀರ್ಥಹಳ್ಳಿಯ ಕಡೆ ಅರಳಸುರಳಿಯ ಹತ್ತಿರ, ಹೆಸರು ಒಂದೇ ಆದ್ದರಿಂದ ಅವರ ಟಪಾಲು ನಮಗೂ ನಮ್ಮದು ಅವರಿಗೂ ಹೋಗುತ್ತಿರುತ್ತದೆ ಎಂದು ನಕ್ಕರು. ಆ ಮಾತು ಕೇಳಿ ಎರಡು ದಿನದಲ್ಲಿ ಮೊದಲ ಸಲ ನನಗೆ ಅನ್ನ ರುಚಿಸಿತು.

ಗೋಡೆಯ ಮೇಲೆ ಮಕ್ಕಳ ಗುಂಪಿನ ಫೋಟೋ ಒಂದಿತ್ತು. ತುದಿಯಲ್ಲಿ ಫೆಲಿಕ್ಸ್ ನಿಂತಿದ್ದ, ಹೆಗಲ ಮೇಲೊಂದು ಪುಟ್ಟ ಹುಡುಗಿ. ಮೆಲಿಟಾ ಕೈ ತೊಳೆದು ಬಂದು ಅದರ ಮುಂದೆ ನಿಂತಳು. ಈ ಮಕ್ಕಳನ್ನು ದಿನವೂ ಅವನೇ ಶಾಲೆಗೆ ಬಿಡುತ್ತಿದ್ದನೇ ಎಂದು ಕೇಳಿದಳು. ಹೌದು, ಒಂದು ದಿನವೂ ತಪ್ಪಿಸಿದವನಲ್ಲ ಎಂದರು ಸಿಸ್ಟರ್ ಮೆಚ್ಚುಗೆಯಿಂದ. ಮೆಲಿಟಾ ತಲೆಯಾಡಿಸಿ ಹೊರಗೆ ಹೋದಳು. ತಮ್ಮ ಮಾತು ಮಗಳಿಗೆ ಚುಚ್ಚಿತೆಂದು ಸಿಸ್ಟರ್‌ಗೆ ಆಮೇಲೆ ಹೊಳೆದಿರಬೇಕು. ಬಸ್ಸಿನ ತನಕ ನಮ್ಮ ಜೊತೆ ಬಂದರು. ದಾರಿಯಲ್ಲಿ ಬೆನೆಡಿಕ್ಟರ ತಂಗಿಯ ಕತೆ ಹೇಳಿದರು. ಅವಳೂ ಸನ್ಯಾಸಿನಿ. ವರ್ಷಕ್ಕೊಮ್ಮೆ ಮಾತ್ರ ಅಣ್ಣನನ್ನು ಕಾಣುತ್ತಿದ್ದಳು. ಕೊನೆಯ ಸಲ ಸಂಜೆಯಾದಾಗ, ಇನ್ನೂ ಸ್ವಲ್ಪ ಮಾತಾಡೋಣ, ಇವತ್ತು ಇದ್ದುಬಿಡು ಎಂದು ಬೇಡಿದಳು. ನಿಯಮವಿದೆ, ಮಠಕ್ಕೆ ಮರಳಬೇಕು ಎಂದ ಅಣ್ಣ. ಅವಳು ತಲೆಬಾಗಿ ಪ್ರಾರ್ಥಿಸಿದಳು. ತಿಳಿಯಾಗಿದ್ದ ಆಕಾಶ ಗುಡುಗಿ ಮಳೆ ಸುರಿಯಿತು, ಅವನು ಹೊರಡಲಾಗದೆ ಕೂತ.

"ಮಗಳು ಬೇಡಿದ್ರೂ ಮಳೆ ಬರ್ತಿತ್ತಾ ಸಿಸ್ಟರ್?" ಎಂದಳು ಮೆಲಿಟಾ.

"ಅವರಿಗೆ ಮಗಳಿರಲಿಲ್ಲಮ್ಮ" ಎಂದರು ಸಿಸ್ಟರ್, ನೆಲ ನೋಡುತ್ತಾ.

ಸಂಜೆ ತೀರ್ಥಹಳ್ಳಿ ತಲುಪಿ, ತುಂಗೆಯ ಕಡೆಗೂ ಹೋಗದೆ ರೂಮು ಸೇರಿದೆವು. ಹಬ್ಬದ ಬೆಳಿಗ್ಗೆ ಅರಳಸುರಳಿಯ ಬಸ್ಸು ಹತ್ತಿದಾಗ ಮೆಲಿಟಾ ಒಗೆದು ಇಸ್ತ್ರಿ ಮಾಡಿದ ನೀಲಿ ಚೂಡಿದಾರ ಹಾಕಿದ್ದಳು. ಕೂದಲನ್ನು ಎರಡು ಸಲ ಬಿಚ್ಚಿ ಎರಡು ಸಲ ಕಟ್ಟಿದಳು. ಬಸ್ಸಿಳಿದಲ್ಲಿ ಒಂದು ದಿನಸಿ ಅಂಗಡಿ. ಅಂಗಡಿಯಾಕೆ ನಾವು ಕೇಳಿದ್ದನ್ನು ಕೇಳಿಸಿಕೊಂಡು, ಒಳಗಿದ್ದ ಗಂಡನಿಗೆ ತಮ್ಮ ಮನೆಮಾತಿನಲ್ಲಿ, "ಇವ್ಕೆ ಸ್ವಾಮಿಗಳ ಮಠಕ್ಕೆ ಹೋಗವಡ, ಹಾಲು ಕೊಡಲೆ ಹೋಪಕಾರೆ ಕರ್ಕಂಡ್ ಹೋಗು" ಎಂದರು. ನಮ್ಮ ಕಡೆ ತಿರುಗಿ, ಅಲ್ಲಿಗೆ ಗಾಡಿ ಹೋಗುವ ದಾರಿಯಿಲ್ಲ, ಗದ್ದೆಯ ಬದುವಿನ ಮೇಲೇ ಹೋಗಬೇಕು ಎಂದು ನಮಗೆ ತಿಳಿಯುವ ಕನ್ನಡದಲ್ಲಿ ಹೇಳಿ ನೀರು ಕೊಟ್ಟರು. ಮಠದಾಚೆಯ ಮನೆಗಳಿಗೆ ಹಾಲು ಕೊಡಲು ಹೊರಟಿದ್ದ ಅವರ ಗಂಡ ಕ್ಯಾನು ಹಿಡಿದು ಮುಂದೆ ನಡೆದರು, ಕೊಯ್ದ ಗದ್ದೆಯ ಕೂಳೆಗಳ ನಡುವೆ ನಾವು ಹಿಂದೆ ಓಡಿದಂತೆ ನಡೆದೆವು. ಗಂಟೆ ಬಾರಿಸುವುದು ಕೇಳಿಸಿತು. ಶುರುವಾಗಿಬಿಟ್ಟಿತೇನೋ ಎಂಬ ಗಾಬರಿಯಲ್ಲಿ ನಾನು ಎರಡು ಕಡೆ ಜಾರಿದೆ.

ಮಠವೆಂದರೆ ಹೆಂಚಿನ ಒಂದು ಉದ್ದನೆಯ ಕಟ್ಟಡ, ಕೊಟ್ಟಿಗೆ, ತರಕಾರಿ ಮಡಿ, ನೆಲಕ್ಕೆ ಚಾಪೆ ಹಾಸಿದ ಪ್ರಾರ್ಥನಾಲಯ. ಬೆರಳೆಣಿಕೆಯ ಸನ್ಯಾಸಿಗಳು. ಬಿಳಿ ನಿಲುವಂಗಿಯಲ್ಲಿ ಎಲ್ಲರ ಹಿಂದೆ ನಿಂತಿದ್ದವನು ಫೆಲಿಕ್ಸ್ ಎಂದು ಗೊತ್ತಾಗಲು ನನಗೆ ತುಸು ಹೊತ್ತು ಬೇಕಾಯಿತು. ಸೊರಗಿದ್ದ, ಕೂದಲು ಬೆಳ್ಳಗಾಗಿತ್ತು. ನಮ್ಮನ್ನು ನೋಡಿದವನು ಒಂದು ಹೆಜ್ಜೆ ಮುಂದೆ ಬಂದು, ಅಲ್ಲೇ ನಿಂತ.

ಪೂಜೆಗೆ ಮೊದಲು ಹಿರಿಯ ಫಾದರ್ ಅವನನ್ನು ಮುಂದೆ ಕರೆದರು. ಆಮೇಲೆ ಮೆಲಿಟಾಳ ಕಡೆ ತಿರುಗಿ, ನಿನ್ನ ತಂದೆ ಈ ಮನೆಯಲ್ಲಿ ಕೊನೆಯ ತನಕ ನೆಲೆ ನಿಲ್ಲುತ್ತೇನೆ ಎನ್ನುತ್ತಿದ್ದಾರೆ, ನಿನ್ನದೇನಾದರೂ ಆಕ್ಷೇಪ ಇದೆಯೇ ಎಂದು ನಿಧಾನವಾಗಿ ಕೇಳಿದರು.

ಮೆಲಿಟಾ ಎದ್ದು ನಿಂತಳು. ಕೊಟ್ಟಿಗೆಯಲ್ಲಿ ದನ ಮೈ ಕೊಡವಿದ್ದು ಕೇಳಿಸಿತು.

"ಇದೆ" ಎಂದಳು.

ಫೆಲಿಕ್ಸ್ ತಲೆ ತಗ್ಗಿಸಿ, ಸರಿ ಎಂದ. ಸಿಟ್ಟಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಇದನ್ನೇ ಕಾಯುತ್ತಿದ್ದವನ ಹಾಗಿದ್ದ. ಫಾದರ್ ಕೈಯಲ್ಲಿದ್ದ ಪುಸ್ತಕ ಮುಚ್ಚಿ, ಕಾರಣ ಹೇಳುತ್ತೀಯಾ ಎಂದರು.

"ನೀವು ಕೇಳಿದ್ರಿ ಫಾದರ್. ಅಪ್ಪ ಯಾವತ್ತೂ ಕೇಳ್ಲಿಲ್ಲ. ಬಿಟ್ಟು ಹೋಗುವಾಗ್ಲೂ ಕೇಳ್ಲಿಲ್ಲ, ಇಲ್ಲಿಗೆ ಸೇರುವಾಗ್ಲೂ ಕೇಳ್ಲಿಲ್ಲ."

ಫೆಲಿಕ್ಸ್ ಚಾಪೆ ದಾಟಿ ಬಂದ. ಅವಳಿಂದ ಒಂದು ಮಾರು ದೂರದಲ್ಲಿ ನಿಂತ. ಎಷ್ಟೋ ವರ್ಷ ಘಾಟಿಯಲ್ಲಿ ಸ್ಟಿಯರಿಂಗ್ ಹಿಡಿದ ಕೈಗಳನ್ನು ನಿಲುವಂಗಿಗೆ ಒರೆಸಿಕೊಂಡ. ಲೂಸಿ ಹೋದ ಮೇಲೆ ನಿನ್ನ ಮುಖದಲ್ಲಿ ಅವಳೇ ಕಾಣುತ್ತಿದ್ದಳು, ನೋಡಲಾಗದೆ ಓಡಿದೆ, ಓಡಿದ ಮೇಲೆ ತಿರುಗಿ ಬರಲು ಮುಖವಿರಲಿಲ್ಲ ಎಂದು ತಡೆ ತಡೆದು ಹೇಳಿದ. ಕೊನೆಗೆ, ಚಿಕ್ಕ ಧ್ವನಿಯಲ್ಲಿ, "ನಾನು ಇಲ್ಲಿ ಇರ್ಲಾ, ಮೆಲ್ಲಿ? ಬೇಡ ಅಂದ್ರೆ ಇವತ್ತೇ ನಿಮ್ಮ ಜೊತೆ ಬರ್ತೀನಿ" ಎಂದು ಕೇಳಿದ.

ಅವಳು ಅಳುತ್ತಿರಲಿಲ್ಲ. ಎರಡು ದಿನದಿಂದ ಬಿಗಿದುಕೊಂಡಿದ್ದ ಹೆಗಲು ಮಾತ್ರ ಇಳಿಯಿತು.

"ಇರು" ಎಂದಳು. "ಇಲ್ಲೇ ಇರು. ಎಲ್ಲಿದೀಯಾ ಅಂತ ಹುಡುಕಿ ಹುಡುಕಿ ನಂಗೆ ಸಾಕಾಗಿದೆ."

ಫಾದರ್ ಪುಸ್ತಕವನ್ನು ಮತ್ತೆ ತೆರೆಯಲು ಸಾಕಷ್ಟು ಹೊತ್ತು ತೆಗೆದುಕೊಂಡರು. ಫೆಲಿಕ್ಸ್ ವ್ರತ ಓದುವಾಗ ಮೆಲಿಟಾ ಮುಂದಿನ ಸಾಲಿನಲ್ಲಿ ಕೂತು ಒಂದೊಂದು ಶಬ್ದವನ್ನೂ ಕೇಳಿಸಿಕೊಂಡಳು. ನನಗೆ ಮಾತ್ರ ಕೂರಲಾಗಲಿಲ್ಲ. ಹೊರಗೆ ಬಂದು ಬದನೆ ಮಡಿಯ ಪಕ್ಕ ನಿಂತು ಸೆರಗಿನಿಂದ ಮುಖ ಒರೆಸಿಕೊಂಡೆ.

ಹಬ್ಬದೂಟಕ್ಕೆ ಕೋಳಿಸಾರು, ರೊಟ್ಟಿ, ಶ್ಯಾವಿಗೆ ಪಾಯಸ. ಅಪ್ಪ ಮಗಳು ಕೊಟ್ಟಿಗೆಯ ಜಗಲಿಯಲ್ಲಿ ಕೂತು ತಿಂದರು. ಅವಳು ಆಸ್ಪತ್ರೆಯ ಡ್ಯೂಟಿಯ ವಿಷಯ ಹೇಳುತ್ತಿದ್ದಳು, ಅವನು ದನಗಳ ಹೆಸರು ಹೇಳುತ್ತಿದ್ದ. ತಿಂಗಳಿಗೊಮ್ಮೆ ಬರುತ್ತೇನೆ ಎಂದು ಅವಳು ಮಾತು ಕೊಡಲಿಲ್ಲ, ಅವನೂ ಕೇಳಲಿಲ್ಲ. ಬಸ್ಸಿನ ಹೊತ್ತಾದಾಗ ಫಾದರ್ ಅಪ್ಪಣೆ ಕೊಟ್ಟರೆಂದು ರಸ್ತೆಯ ತನಕ ಬಂದ. ನಾವು ಹತ್ತಿ ಕೂತ ಮೇಲೆ ಬಸ್ಸಿನ ಮೈಗೆ ಅಂಗೈಯಿಂದ ಎರಡು ಸಲ ಬಡಿದು, ರೈಟ್ ಎಂದ.

ಬಸ್ಸು ಹೊರಟಿತು. ನಾನು ಕುತ್ತಿಗೆ ಹೊರಳಿಸಿ ಹಿಂದಿನ ಗಾಜಿನಲ್ಲಿ ನೋಡಿದೆ. ಮೆಲಿಟಾ ತಿರುಗಲಿಲ್ಲ, ಮುಂದೆ ನೋಡುತ್ತಾ ಕೂತಿದ್ದಳು.

"ಅಲ್ಲೇ ಇದಾನಾ ಅತ್ತೆ?" ಎಂದಳು.

ಧೂಳು ಎದ್ದಿತ್ತು. ಅದರಾಚೆ ಬಿಳಿ ನಿಲುವಂಗಿ ಕಾಣುತ್ತಿತ್ತು.

ಇದ್ದಾನೆ ಎಂದೆ.