ಖಾದರ್ ತನ್ನ ಗಾಡಿ ತಾನೇ ತಳ್ಳಿದ್ದು

ಕೊಟ್ಟಿಗೆಹಾರದಲ್ಲಿ ನನ್ನ ಮೆಣಸಿನ ಅಂಗಡಿಯ ಪಕ್ಕದಲ್ಲೇ ಮೆಕ್ಯಾನಿಕ್ ಖಾದರನ ಶೆಡ್ಡು. ಘಾಟಿಯಲ್ಲಿ ಯಾರಾದರೂ ಗಾಡಿ ತಳ್ಳುವುದು ಕಂಡರೆ ಅವನಿಗೆ ಅದೊಂದು ಹಬ್ಬ. ಇಳಿದು ಹೋಗಿ, "ಇದನ್ನ ರಿಪೇರಿ ಮಾಡಿದ್ದು ನಾನಲ್ಲ ತಾನೆ?" ಎಂದು ನಾಲ್ಕು ಜನಕ್ಕೆ ಕೇಳುವಂತೆ ವಿಚಾರಿಸಿ, ಆಮೇಲೆ ಸರಿಮಾಡಿಕೊಡುತ್ತಾನೆ.

ಇಂಥವನು ಗುಜರಿಗೆ ಹೊರಟಿದ್ದ ಓಮ್ನಿಯೊಂದನ್ನು ತಂದು, ಹಿಂದಿನ ಸೀಟು ಕಿತ್ತು, ಪ್ಲೈವುಡ್ಡಿನ ಮಂಚ, ಮಡಚುವ ಮೇಜು, ಗ್ಯಾಸ್ ಒಲೆ, ಪಕ್ಕಕ್ಕೆ ಬಿಚ್ಚಿಕೊಳ್ಳುವ ಟಾರ್ಪಾಲು ಎಲ್ಲ ಕೂರಿಸಿದ. ಅವನ ಪ್ರಕಾರ ಅದು ಕ್ಯಾರವಾನ್. ಅವನ ಹೆಂಡತಿ ಸಾಬೀರಾಳ ಪ್ರಕಾರ, ಕಾಲು ಚಾಚಿದರೆ ಬಾಗಿಲು ತೆರೆದುಕೊಳ್ಳುವ ಅಡುಗೆಮನೆ.

ಮೊದಲ ಸವಾರಿ ಭದ್ರಾ ಹಿನ್ನೀರಿಗೆ, ನರಸಿಂಹರಾಜಪುರದ ಕಡೆಗೆ. ಅಲ್ಲಿ ಖಾದರನ ಹಳೆಯ ಗಿರಾಕಿ ಚಿಕ್ಕಯ್ಯನ ಗದ್ದೆಯಿದೆ. ಡಿಗ್ರಿ ಓದುವ ಮಗಳು ಫಿಜಾಗೆ ನೀರುನಾಯಿ ನೋಡುವ ಆಸೆ. ನನ್ನನ್ನು ಕರೆದದ್ದು ಪ್ರೀತಿಗೋ, ಊರಲ್ಲಿ ಸುದ್ದಿ ಹಬ್ಬಿಸಲಿಕ್ಕೋ ಗೊತ್ತಿಲ್ಲ. ಬಿರಿಯಾನಿ ಇದೆ ಎಂದ ಮೇಲೆ ನಾನು ಹೆಚ್ಚು ವಿಚಾರಿಸಲಿಲ್ಲ.

ಏಪ್ರಿಲ್ ತಿಂಗಳು. ನೀರು ಹಿಂದೆ ಸರಿದು ದಡವೆಲ್ಲ ಒಣಗಿ ಅಂಗೈಯಂತೆ ಮಟ್ಟಸವಾಗಿತ್ತು. ಖಾದರ್ ಚಿಕ್ಕಯ್ಯನ ಗದ್ದೆಯಂಚಿನಲ್ಲಿ ಗಾಡಿ ನಿಲ್ಲಿಸಿದ. ಇಳಿಯುತ್ತಿದ್ದಂತೆ ಹಳದಿ ಕಾಲಿನ ಹಕ್ಕಿಯೊಂದು ತಲೆಯ ಮೇಲೆ ಸುತ್ತುತ್ತಾ ಕಿರುಚತೊಡಗಿತು.

"ನೋಡಿ ಸಾವ್ಕಾರ್ರೇ, ಸ್ವಾಗತ!" ಎಂದ ಖಾದರ್.

"ಸ್ವಾಗತದ ದನಿ ಹೀಗಿರಲ್ಲ ಮಾರಾಯ. ಇದು ಸಾಲ ವಸೂಲಿಯ ದನಿ" ಎಂದೆ.

ಸಾಬೀರಾ ಒಲೆ ಹಚ್ಚಿದಳು. ನಾವು ಮೂವರು ಚಿಕ್ಕಯ್ಯನ ತೆಪ್ಪದಲ್ಲಿ ಹೊರಟೆವು. ಮುಳುಗಿ ಸತ್ತ ಮರಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿ ಕೂತಿದ್ದವು, ಒಣಹಾಕಿದ ಕೊಡೆಗಳ ಹಾಗೆ. ನಡುಗಡ್ಡೆಯ ಮರೆಯಿಂದ ನೀರುನಾಯಿಯ ಸಂಸಾರ ತಲೆ ಎತ್ತಿತು. ತಾಯಿ ಮೀನು ಹಿಡಿದು ತಂದರೆ ಮರಿಗಳದ್ದು ಅದೇನು ಜಗಳ! ಫಿಜಾ ಬಾಯಿ ಮುಚ್ಚಿಕೊಂಡು ನಕ್ಕಳು. ಖಾದರ್ ಬಾಯಿ ಮುಚ್ಚದೆ ನಕ್ಕ. ನೀರುನಾಯಿಗಳು ಮಾಯವಾದವು.

"ಅಬ್ಬಾ, ನಿಮ್ಮ ನಗುಗೂ ಒಂದು ಸೈಲೆನ್ಸರ್ ಹಾಕ್ಸಿ" ಎಂದಳು ಮಗಳು.

ಮಧ್ಯಾಹ್ನದ ಹೊತ್ತಿಗೆ ದಡಕ್ಕೆ ಬಂದರೆ ಹಕ್ಕಿ ಇನ್ನೂ ಕಿರುಚುತ್ತಲೇ ಇತ್ತು. ಖಾದರ್ ಚಕ್ರದ ಹಿಂದೆ ಇಡಲು ಕಲ್ಲು ಹುಡುಕಿದ. ನಮ್ಮ ಗುಡ್ಡದವರ ಚಾಳಿ ಅದು, ನೆಲ ಎಷ್ಟೇ ಮಟ್ಟವಾಗಿರಲಿ, ಕಲ್ಲಿಡದಿದ್ದರೆ ಊಟ ಸೇರುವುದಿಲ್ಲ. ಬಗ್ಗಿ ಕೈ ಚಾಚಿದವನು ಹಾಗೇ ನಿಂತ.

"ಇದು ಕಲ್ಲಲ್ಲ."

ಹಿಂದಿನ ಚಕ್ರದಿಂದ ಒಂದು ಗೇಣು ಆಚೆ ನಾಲ್ಕು ಮೊಟ್ಟೆ, ಮಣ್ಣಿನ ಬಣ್ಣ, ಕಪ್ಪು ಚುಕ್ಕೆ. ಗೂಡಿಲ್ಲ, ಬರೀ ನೆಲ.

"ಟಿಟ್ಟಿಭ!" ಎಂದಳು ಫಿಜಾ. "ಬೆಳಗಿಂದ ಅದು ಕೂಗ್ತಿರೋದು ಇದಕ್ಕೇ. ಗಾಡಿ ಇಲ್ಲಿರೋ ತನಕ ಅದು ಇಳಿಯಲ್ಲ. ಈ ಬಿಸಿಲಿಗೆ ಮೊಟ್ಟೆ ಬೆಂದೇ ಹೋಗುತ್ತೆ."

ಸಾಬೀರಾ ದಮ್ಮಿಗಿಟ್ಟ ಪಾತ್ರೆಯನ್ನು ಕೆಳಗಿಳಿಸಿದಳು. "ಬಿರಿಯಾನಿ ಕಾಯುತ್ತೆ. ಗಾಡಿ ತೆಗೀರಿ."

ಖಾದರ್ ಕೀಲಿ ಹಾಕಿದವನು ಮತ್ತೆ ಹೊರಗೆ ತೆಗೆದ. "ಗೇರ್ ಹಾಕೋವಾಗ ಒಂದು ಗೇಣು ಹಿಂದೆ ಬಂದ್ರೂ ಮುಗೀತು. ತಳ್ಳೋಣ."

ಫಿಜಾ ನೆಲಕ್ಕೆ ಮಲಗಿ ಚಕ್ರವನ್ನೇ ನೋಡುತ್ತಾ, "ನೇರ, ನೇರ" ಎನ್ನುತ್ತಿದ್ದಳು. ಸಾಬೀರಾ ಸ್ಟೀರಿಂಗ್ ಹಿಡಿದಳು. ಖಾದರ್ ಭುಜ ಕೊಟ್ಟ, ನಾನು ಮುಖ್ಯವಾಗಿ ಉಪದೇಶ ಕೊಟ್ಟೆ. ಅಷ್ಟರಲ್ಲಿ ಚಿಕ್ಕಯ್ಯನ ಟ್ರ್ಯಾಕ್ಟರ್ ಗುಡುಗುತ್ತಾ ನಮ್ಮ ಕಡೆಗೇ ಬಂತು.

"ಏನ್ ಖಾದರಣ್ಣ, ಕೆಟ್ಟೋಯ್ತಾ? ತಡೀರಿ, ಹಗ್ಗ ಕಟ್ಟಿ ಎಳೀತೀನಿ!"

ಅವನು ಬರುವ ದಾರಿ ಸೀದಾ ಮೊಟ್ಟೆಗಳ ಮೇಲೆ. ಆ ಸದ್ದಿನಲ್ಲಿ ಟಿಟ್ಟಿಭದ ಕಥೆ ಹೇಳುವುದು ಹೇಗೆ? ಖಾದರ್ ಎರಡೂ ಕೈ ಎತ್ತಿ ಗಂಟಲು ಹರಿಯುವಂತೆ ಕೂಗಿದ: "ಹೌದು ಮಾರಾಯ, ಕೆಟ್ಟಿದೆ! ಟ್ರ್ಯಾಕ್ಟರ್ ಅಲ್ಲೇ ಆಫ್ ಮಾಡು! ನಡ್ಕೊಂಡು ಬಾ!"

ಆ ಮಾತು ಅವನ ಬಾಯಿಂದ ಬಂದದ್ದಕ್ಕೆ ನಾನು ಸಾಕ್ಷಿ. ಫೋಟೋ ಕೂಡ ತೆಗೆದಿಟ್ಟೆ.

ಚಿಕ್ಕಯ್ಯ ಇಳಿದು ಬಂದು ಕೈ ಹಾಕಿದ. ಗಾಡಿ ಮೂವತ್ತು ಮಾರು ಆಚೆ ಹೋಗಿ ನಿಂತ ಮೇಲೆ ವಿಷಯ ತಿಳಿದು ತಲೆ ಕೆರೆದುಕೊಂಡ. "ಅಯ್ಯೋ, ಬರೋವಾಗಲೇ ಕೊಟ್ಟಿಗೆಹಾರಕ್ಕೆ ಫೋನ್ ಮಾಡ್ಬಿಟ್ನಲ್ಲ, ಖಾದರಣ್ಣನ ಗಾಡಿ ಕೈಕೊಟ್ಟಿದೆ ಅಂತ."

"ಹೇಳ್ಕೊಳ್ಲಿ ಬಿಡು" ಎಂದ ಖಾದರ್. ಅವನ ಕಣ್ಣೆಲ್ಲ ಆ ಬರಿನೆಲದ ಮೇಲೆ.

ಹಕ್ಕಿ ಇಳಿಯಿತು. ಆದರೆ ಮೊಟ್ಟೆಯ ಕಡೆ ಹೋಗದೆ ನೀರಿನ ಕಡೆ ನಡೆಯಿತು. ಖಾದರನ ಮುಖ ಸಪ್ಪಗಾಯಿತು. "ಬಿಟ್ಟು ಹೋಯ್ತಾ ಫಿಜಾ?"

"ಸ್ವಲ್ಪ ತಡೀರಿ ಅಬ್ಬಾ."

ಅದು ನೀರಲ್ಲಿ ಕೂತು ಹೊಟ್ಟೆಯ ಗರಿ ತೋಯಿಸಿಕೊಂಡಿತು. ಆಮೇಲೆ ನಾಲ್ಕು ಹೆಜ್ಜೆ ಓಡಿ, ನಿಂತು, ನಮ್ಮನ್ನೊಮ್ಮೆ ನೋಡಿ, ಮತ್ತೆ ಓಡಿ, ಒದ್ದೆ ಹೊಟ್ಟೆಯನ್ನು ಬಿಸಿ ಮೊಟ್ಟೆಗಳ ಮೇಲಿಟ್ಟು ಕೂತುಬಿಟ್ಟಿತು.

"ಕೂತ್ಲು! ಸಾವ್ಕಾರ್ರೇ, ಕೂತ್ಲು!" ಖಾದರ್ ನನ್ನ ತೊಡೆಗೆ ಬಾರಿಸಿದ ಏಟು ಇನ್ನೂ ಉರಿಯುತ್ತದೆ.

"ಮೆಲ್ಲಗೆ ರೀ. ಬಾಣಂತಿನ ಎಬ್ಬಿಸ್ಬೇಡಿ" ಎಂದಳು ಸಾಬೀರಾ, ಎಲೆ ಹಾಕುತ್ತಾ. ಐದೂ ಜನ ಮದುವೆ ಪಂಕ್ತಿಯ ಹಾಗೆ ಸಾಲಾಗಿ, ಆ ಹಕ್ಕಿಗೆ ಮುಖಮಾಡಿ ಊಟಕ್ಕೆ ಕೂತೆವು.