ಓಡದೆ ನಿಂತ ಅಮ್ಮ

ಕೆಲವರು ದೇವರೆಂದು ಕೈಮುಗಿಯುವ, ಕೆಲವರು ಹೆಸರೆತ್ತಿದರೆ ಸಿಡುಕುವ ನಾಯಕರೊಬ್ಬರ ಜೀವನದ ಸಿನಿಮಾಕ್ಕೆ ನಾನು ಸಹಾಯಕ ನಿರ್ದೇಶಕ. ಕೋಣಂದೂರಿನಲ್ಲಿ ಅವರ ವಿರುದ್ಧ ನಡೆದಿದ್ದ ಮೆರವಣಿಗೆಯ ಚಿತ್ರೀಕರಣ. ಪೊಲೀಸ್ ವೇಷದವರು ಲಾಠಿ ಎತ್ತಿದೊಡನೆ, ಮೆರವಣಿಗೆಯವರಾಗಿ ನಟಿಸುತ್ತಿದ್ದ ಊರಿನವರೆಲ್ಲ ಓಡಬೇಕಿತ್ತು. ಓಡಿದರು. ವಯಸ್ಸಾದ ಹೆಂಗಸೊಬ್ಬರು ಮಾತ್ರ ಅಲ್ಲೇ ನಿಂತರು.

“ಓಡಿ ಅಮ್ಮಾ, ಇದು ಸುಮ್ನೆ ಆ್ಯಕ್ಟಿಂಗು,” ಎಂದೆ.

“ಆ ಮೆರವಣಿಗೇಲಿ ನಾನೂ ಇದ್ದೆ ಮಾರಾಯ. ಇದೇ ರಸ್ತೇಲಿ ಹೊಡೆದ್ರು. ನಾವ್ಯಾರೂ ಓಡ್ಲಿಲ್ಲ.”

ನಿರ್ದೇಶಕರಿಗೆ ಹೇಳಿದೆ. “ಜನ ಓಡ್ಲಿಲ್ಲ ಅಂತ ತೋರಿಸಿದ್ರೆ ನಾಯಕರ ಮನೆಯವರು ಒಪ್ಪಲ್ಲ. ಆ ಅಮ್ಮನ್ನ ಆಚೆ ಕೂರಿಸು,” ಎಂದರು.

ನಾನೇ ಕೈಹಿಡಿದು ಕರೆದೊಯ್ದು ಕ್ಯಾಮೆರಾದ ಹಿಂದೆ ಕೂರಿಸಿದೆ.

“ನಾನೆಂತ ತಪ್ಪು ಮಾಡ್ದೆ?” ಎಂದು ಕೇಳಿದರು.

ಸಿನಿಮಾದ ಶುರುವಿನಲ್ಲಿ ‘ನಿಜ ಘಟನೆಗಳನ್ನು ಆಧರಿಸಿದೆ’ ಎಂದು ಬರುತ್ತದೆ. ಆ ಸಾಲು ಬರೆದುಕೊಟ್ಟವನೂ ನಾನೇ.