ಟ್ಯಾಂಕಿನ ಮುಚ್ಚಳ ಎಲ್ಲಿದೆ?

ನಾನು ಹೈಸ್ಕೂಲಿನಲ್ಲಿದ್ದ ಎಂಬತ್ತರ ದಶಕದ ಆರಂಭದಲ್ಲಿ, ಪೀಣ್ಯದ ಆಚೆ ಒಳಚರಂಡಿ ಎಂಬುದು ಚುನಾವಣಾ ಭಾಷಣಗಳಲ್ಲಿ ಮಾತ್ರ ಹರಿಯುತ್ತಿತ್ತು. ಅಪ್ಪನ ಕಾರ್ಖಾನೆಯ ನೌಕರರ ಸೊಸೈಟಿ ಕಟ್ಟಿಸಿಕೊಟ್ಟ ನಮ್ಮ ಬಡಾವಣೆಗೆ ಸೆಪ್ಟಿಕ್ ಟ್ಯಾಂಕೇ ಗತಿ. ಕಟ್ಟುವಾಗ ಒಂದು ಸಲ ನೋಡಿ, ಮೇಲೆ ಚಪ್ಪಡಿ ಮುಚ್ಚಿ, ಆಮೇಲೆ ಅದರ ಹೆಸರೆತ್ತದೆ ಬಾಳುವುದು ಮರ್ಯಾದಸ್ಥರ ಲಕ್ಷಣ ಎಂದು ಎಲ್ಲರೂ ತಿಳಿದಿದ್ದರು. ಟ್ಯಾಂಕಿಗೆ ಮಾತ್ರ ಮರ್ಯಾದೆಯ ಗೊಡವೆ ಇರಲಿಲ್ಲ. ಅದು ತುಂಬಿತು.

ತುಂಬಿದ್ದಾದರೂ ಯಾವಾಗ? ಕಾರ್ತಿಕದಲ್ಲಿ, ತುಳಸಿ ಹಬ್ಬ ಬಾಗಿಲಿಗೆ ಬಂದು ನಿಂತಿದ್ದಾಗ. ಕಕ್ಕಸಿಗೆ ಒಂದು ಬಕೆಟ್ ನೀರು ಸುರಿದರೆ ಅದು ಕೆಳಗೆ ಹೋಗುವ ಬದಲು ಸಾವಕಾಶವಾಗಿ ಮೇಲಕ್ಕೆ ಬಂದು ನಮ್ಮನ್ನೇ ನೋಡುತ್ತಿತ್ತು. ನಾವು ಒಬ್ಬೊಬ್ಬರಾಗಿ ಪಕ್ಕದ ಮನೆಗೆ ಸಕ್ಕರೆ ಕೇಳುವ ನೆಪದಲ್ಲಿ ಹೋಗಿ, ಸಕ್ಕರೆ ಮರೆತು ಬರತೊಡಗಿದೆವು.

ಅಮ್ಮನಿಗೆ ಚಿಂತೆಯೆಲ್ಲ ಹಬ್ಬದ್ದೇ. ಅದಕ್ಕೆ ಕಾರಣವಿತ್ತು. ಅಮ್ಮನಿಗೆ ಹಾಡು ಬರುತ್ತಿರಲಿಲ್ಲ. ಅವಳ ಚಕ್ಕುಲಿ ಕಡಿಯಲು ಹೋಗಿ ಚಿಕ್ಕಪ್ಪ ಹಲ್ಲು ನೋಯಿಸಿಕೊಂಡಿದ್ದರು. ಬಡಾವಣೆಯಲ್ಲಿ ಅವಳಿಗಿದ್ದದ್ದು ಒಂದೇ ಒಂದು ಹೆಸರು: ಕೈಗುಣ. ಬೇರೆ ಮನೆಗಳಲ್ಲಿ ತುಳಸಿ ಸೊಂಟದೆತ್ತರ ಬೆಳೆದರೆ ನಮ್ಮ ಹಿತ್ತಲಿನದು ನನ್ನ ತಲೆಯನ್ನೂ ಮೀರಿತ್ತು. ಹೆಂಗಸರು ಪೂಜೆಗೆ ಎಲೆ ಬಿಡಿಸಿಕೊಂಡು ಹೋಗುವಾಗ "ಏನೇ ಅನ್ನಿ, ಕೈಗುಣ ಅಂದ್ರೆ ನಿಮ್ಮದು ಕಣ್ರೀ" ಎನ್ನುತ್ತಿದ್ದರು. ಅಮ್ಮ ಆ ದಿನವೆಲ್ಲ ನಮಗೆ ಬೈಯುತ್ತಿರಲಿಲ್ಲ. ತುಳಸಿ ಹಬ್ಬದ ಸಂಜೆ ಇಡೀ ಬೀದಿ ಆರತಿ ತಟ್ಟೆ ಹಿಡಿದು ನಮ್ಮ ಹಿತ್ತಲಿಗೇ ಬರುವುದು ವಾಡಿಕೆಯಾಗಿತ್ತು.

ಅಪ್ಪ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದವರು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಪೀಸು ರಿಜೆಕ್ಟ್ ಮಾಡಿ ಕಳಿಸುವವರು. ಅಂಥವರು ಟ್ಯಾಂಕಿನ ಮಾತು ಬಂದರೆ ಮಾತ್ರ, "ಸ್ವಲ್ಪ ದಿನ ನೋಡೋಣ. ತಾನಾಗೇ ಸರಿಹೋಗುತ್ತೆ" ಎನ್ನುತ್ತಿದ್ದರು.

"ತಾನಾಗೇ ಸರಿಹೋಗಕ್ಕೆ ಅದೇನು ನೆಗಡೀನಾ?" ಎಂದು ಅಮ್ಮ ಕೇಳಿದಳು. ಕೊನೆಗೆ ಅವಳೇ ಹಾಲಿನವಳ ಮೂಲಕ ಮಾಕಳಿ ಕಡೆಯ ಟ್ಯಾಂಕಿನವರೊಬ್ಬರಿಗೆ ಹೇಳಿಕಳಿಸಿದಳು.

ಮರುದಿನ ಬೆಳಿಗ್ಗೆ ಅವರು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ, ಹಿಂದೆ ಟ್ರ್ಯಾಕ್ಟರಿಗೆ ಕಟ್ಟಿದ ಕಬ್ಬಿಣದ ದೊಡ್ಡ ಟ್ಯಾಂಕು. ಅವರ ಹೊಲ ಕಾರ್ಖಾನೆಯ ಪಾಲಾದ ಮೇಲೆ ಹೊಲಕ್ಕೆ ನೀರೆತ್ತುತ್ತಿದ್ದ ಡೀಸೆಲ್ ಪಂಪು ಕೆಲಸವಿಲ್ಲದೆ ಕೂತಿತ್ತಂತೆ. ಅದನ್ನೇ ಹೂಡಿ ಈ ಕಸುಬಿಗೆ ಇಳಿದಿದ್ದರು. ಗೇಟಿನೊಳಗೆ ಕಾಲಿಡುವ ಮೊದಲೇ ಷರತ್ತು ಹಾಕಿದರು.

"ಗುಂಡಿಗೆ ಮನ್ಸ ಇಳಿಯಾಕಿಲ್ಲ ಸಾರ್, ಪೈಪ್ ಇಳೀತೈತೆ. ಅಂಗಿದ್ರೆ ಕೆಲ್ಸ, ಇಲ್ದಿದ್ರೆ ನಮಸ್ಕಾರ."

ಆ ಕಾಲದಲ್ಲಿ ಮನುಷ್ಯರನ್ನೇ ಇಳಿಸುತ್ತಿದ್ದರು. ನಮ್ಮ ಬಡಾವಣೆಯ ಸಂಭಾವಿತರಲ್ಲಿ ಒಬ್ಬರಿಗೂ ಅದು ತಪ್ಪೆನಿಸಿರಲಿಲ್ಲ. ಆ ಮಾತು ಕೇಳಿದ್ದೇ ಅವರ ಮೇಲೆ ನನಗೆ ಗೌರವ ಹುಟ್ಟಿತು.

"ಸರಿ, ಮುಚ್ಚಳ ಎಲ್ಲೈತೆ?" ಎಂದು ಕೇಳಿದರು.

ಅಪ್ಪ ಆಕಾಶ ನೋಡಿದರು. "ಗೇಟಿನ ಹತ್ರ ಇರಬಹುದಪ್ಪ" ಎಂದರು.

ಗೇಟಿನ ಹತ್ತಿರ ಅಗೆದದ್ದಾಯಿತು. ಮಣ್ಣು ಸಿಕ್ಕಿತು. ಆಮೇಲೆ ಅಪ್ಪ ನುಗ್ಗೆಮರದ ಬುಡ ತೋರಿಸಿದರು. ಅಲ್ಲಿ ಯಾವ ಕಾಲದಲ್ಲೋ ಕಳೆದಿದ್ದ ನಮ್ಮ ಸ್ಟೀಲ್ ಸೌಟು ಸಿಕ್ಕಿತು. ಅಪ್ಪ ಅದನ್ನು ನಿಧಿಯ ಹಾಗೆ ಎತ್ತಿ ಹಿಡಿದು, "ನೋಡು, ಸೌಟು!" ಎಂದು ಎಲ್ಲರಿಗೂ ತೋರಿಸಿದರು. ಸೌಟಿನ ಬಗ್ಗೆ ಅಪ್ಪನಿಗೆ ಅಷ್ಟು ಪ್ರೀತಿ ಇದ್ದದ್ದು ನಮಗೆ ಅಂದೇ ಗೊತ್ತಾದದ್ದು.

ಟ್ಯಾಂಕಿನವರು ಬೆವರು ಒರೆಸಿಕೊಂಡರು. "ಸಾರ್, ಕಕ್ಕಸು ಇರೋದು ಹಿತ್ಲಾಗೆ. ಪೈಪು ಗೇಟಿನ ತಾವ್ ಯಾಕ್ ಬತ್ತೈತೆ? ಅದೇನ್ ನೆಂಟ್ರು ಮನೆಗೆ ಓಯ್ತದಾ?" ಎಂದು ಹೇಳಿ, ಹಾರೆ ಹಿಡಿದು ತಾವೇ ಹಿತ್ತಲಿಗೆ ನಡೆದರು. ಕಕ್ಕಸಿನ ಗೋಡೆಯಿಂದ ಶುರುಮಾಡಿ ನೆಲವನ್ನು ಕುಟ್ಟುತ್ತ, ಕಿವಿಗೊಡುತ್ತ ಸಾಗಿದರು. ಸದ್ದು ಗಟ್ಟಿಯಾಗಿಯೇ ಬರುತ್ತಿತ್ತು. ಒಂದು ಕಡೆ ಬಂದಾಗ ಟೊಳ್ಳಾಯಿತು. ಅವರು ತಲೆಯೆತ್ತಿ ನೋಡಿ, ಚಪ್ಪಲಿ ಬಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದರು.

"ಅಮ್ಮಾವ್ರೆ, ತಪ್ಪು ತಿಳ್ಕಾಬ್ಯಾಡಿ. ತುಳಸಮ್ಮ ಕುಂತವ್ಳಲ್ಲ, ಅದೇ ಮುಚ್ಚಳ."

ಅಮ್ಮ ಹೂ ಕಟ್ಟುತ್ತಿದ್ದ ದಾರವನ್ನು ಹಾಗೇ ಹಿಡಿದು ನಿಂತಳು. ಆಮೇಲೆ ಎಲ್ಲವೂ ನಿಧಾನವಾಗಿ ಅವಳ ತಲೆಗೆ ಇಳಿಯಿತು. ನಾವು ಆ ಮನೆಗೆ ಬಂದ ಹೊಸತರಲ್ಲಿ ಅಪ್ಪನನ್ನು ಕಾರ್ಖಾನೆಯವರು ತರಬೇತಿಗೆಂದು ಪರವೂರಿಗೆ ಕಳಿಸಿದ್ದರು. ಅಮ್ಮ ಹಿತ್ತಲಿನಲ್ಲಿ ನುಣ್ಣಗೆ ಸಿಮೆಂಟ್ ಬಳಿದ ಚೌಕದ ಜಾಗ ನೋಡಿ, ಪೂರ್ವಕ್ಕೆ ಸರಿಯಾಗಿ ಬೇರೆ ಇದೆ, ದೇವರೇ ಕೊಟ್ಟದ್ದು ಎಂದುಕೊಂಡು, ಗಾರೆಯವನನ್ನು ಕರೆಸಿ ಅದರ ಮೇಲೆ ತುಳಸಿಕಟ್ಟೆ ಕಟ್ಟಿಸಿಬಿಟ್ಟಿದ್ದಳು. ಅಪ್ಪ ಊರಿನಿಂದ ಬರುವಷ್ಟರಲ್ಲಿ ಸುತ್ತ ರಂಗೋಲಿ ಬಿದ್ದು ದೀಪ ಉರಿಯುತ್ತಿತ್ತು.

"ನಿಮಗೆ ಗೊತ್ತಿತ್ತಾ?" ಎಂದು ಅಮ್ಮ ಕೇಳಿದಳು.

"ಡ್ರಾಯಿಂಗ್‌ನಲ್ಲಿ ಇತ್ತು" ಎಂದರು ಅಪ್ಪ. ಇನ್‌ಸ್ಪೆಕ್ಷನ್‌ನವರಿಗೆ ಮುಖಕ್ಕೆ ನೇರವಾಗಿ ಕೇಳಿದರೆ ಸುಳ್ಳು ಹೇಳಲು ಬರುವುದಿಲ್ಲ. ಬಾಯಿ ಮುಚ್ಚಿಕೊಂಡಿರಲು ಮಾತ್ರ ಬರುತ್ತದೆ.

"ಅದಕ್ಕೇ ನೀವು ತೀರ್ಥ ತಗೋತಿರ್ಲಿಲ್ಲ! ದಿನಾ ಶೀತ, ಶೀತ ಅಂತಿದ್ರಿ. ನಾನು, ಮಕ್ಕಳು ತುಳಸಿದಳ ಹಾಕ್ಕೊಂಡು ಕುಡೀತಿದ್ರೆ ನೀವು ಮಾತ್ರ ಪಕ್ಕದಲ್ಲಿ ಇನ್‌ಸ್ಪೆಕ್ಷನ್ ಮಾಡ್ಕೊಂಡು ನಿಂತಿದ್ರಾ?"

ನನಗೆ ಕಿಸಕ್ಕನೆ ನಗು ಬಂತು. ಅಮ್ಮನ ಮುಖ ನೋಡಿದೆ. ಅವಳ ಕಣ್ಣು ತುಂಬಿತ್ತು. ನಗು ಬಿಟ್ಟು ಅವಳ ಕೈಯಿಂದ ಹೂವಿನ ದಾರ ತೆಗೆದುಕೊಂಡೆ.

ಗಿಡ ತೆಗೆಯುವವರು ಯಾರು ಎಂಬ ಪ್ರಶ್ನೆ ಬಂತು. ಟ್ಯಾಂಕಿನವರು ಖಡಾಖಂಡಿತವಾಗಿ, "ನಾನು ಏನ್ ಬೇಕಾದ್ರೂ ಎತ್ತೇನು, ತುಳಸಮ್ಮನ್ನ ಎತ್ತಾಕಿಲ್ಲ" ಎಂದುಬಿಟ್ಟರು. ಅಮ್ಮ ಸೆರಗು ಸಿಕ್ಕಿಸಿ, ನಮಸ್ಕಾರ ಮಾಡಿ, ಬರಿಗೈಯಲ್ಲೇ ಕಟ್ಟೆಯ ಮಣ್ಣು ಬಗೆದಳು. ಗಿಡ ಬಂತು, ಆದರೆ ಬೇರು ಮುಗಿಯಲೇ ಇಲ್ಲ. ಎಳೆದಷ್ಟೂ ಬರುತ್ತಿತ್ತು. ಚಪ್ಪಡಿಯಲ್ಲಿ ಒಂದು ಬಿರುಕು ಬಿಟ್ಟಿತ್ತು. ಬೇರು ಅದರೊಳಗಿಂದ, ಜಡೆಯ ಹಾಗೆ ದಪ್ಪವಾಗಿ, ಹೊರಬರುತ್ತಿತ್ತು.

ಟ್ಯಾಂಕಿನವರು ಮೆಚ್ಚುಗೆಯಿಂದಲೇ, "ಅದ್ಕೇ ಇಂಗ್ ಬೆಳೆದೈತೆ. ಸಕ್ಕತ್ ಊಟ ಸಿಕ್ಕೈತೆ ಬಿಡಿ!" ಎಂದರು.

ಪಾಪ, ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅಮ್ಮನ ಕೈ ಮಾತ್ರ ಅಲ್ಲೇ ನಿಂತಿತು. ಮೈಲಿಗೆ ಎಂದು ಅವಳು ಅಳುತ್ತಿದ್ದಾಳೆ ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಅದಾದರೆ ಗೋಮೂತ್ರ ಚಿಮುಕಿಸಿ ಪರಿಹಾರ ಮಾಡಿಕೊಳ್ಳುತ್ತಿದ್ದಳು. ಅವಳು ತನ್ನ ಮಣ್ಣು ಮೆತ್ತಿದ ಕೈಗಳನ್ನೇ ನೋಡಿಕೊಂಡು, "ಹಾಗಾದ್ರೆ ಇದು ನನ್ನ ಕೈಗುಣ ಅಲ್ಲ" ಎಂದಳು. ನನಗೆ ತುಂಬಾ ಸಂಕಟವಾಯಿತು.

ಕಟ್ಟೆಯ ಇಟ್ಟಿಗೆಗಳನ್ನು ಅಪ್ಪನೇ ಬಿಚ್ಚಿದರು. ಚಪ್ಪಡಿ ಸರಿಸಿದರು, ಪೈಪು ಇಳಿಯಿತು, ಪಂಪು ಮಧ್ಯಾಹ್ನವಿಡೀ ಗುಡುಗಿ ಕೆಲಸ ಮುಗಿಸಿತು. ನಮ್ಮ ಮನೆಯ ಕಕ್ಕಸು ನಮ್ಮದಾಯಿತು, ಸಕ್ಕರೆಯ ನೆಪ ತಪ್ಪಿತು. ತುಳಸಿ ಒಂದು ಬಕೆಟಿನಲ್ಲಿ ತಲೆ ಬಾಗಿಸಿಕೊಂಡು ನಿಂತಿತು. ಅಮ್ಮ ಅಪ್ಪನ ಜೊತೆ ಮಾತು ಬಿಟ್ಟಳು. ಊಟಕ್ಕೆ ಕರೆಯಬೇಕಾದರೆ "ಇನ್‌ಸ್ಪೆಕ್ಟರಿಗೆ ತಟ್ಟೆ ಹಾಕಿದೀನಿ ಅಂತ ಹೇಳು" ಎಂದು ನನ್ನನ್ನು ಕಳಿಸುತ್ತಿದ್ದಳು.

ಹಬ್ಬದ ಹಿಂದಿನ ದಿನ ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಗಿಡಕ್ಕೆ ಹುಳ ಬಿತ್ತು, ಅದಕ್ಕೆ ತೆಗೆದ್ವಿ ಅಂತ ಹೇಳಿಬಿಡೋಣ. ಯಾರಿಗೆ ಗೊತ್ತಾಗುತ್ತೆ?" ಎಂದರು. ಅಮ್ಮ ಒಗ್ಗರಣೆಗೆ ಮೆಣಸಿನಕಾಯಿ ಸ್ವಲ್ಪ ಹೆಚ್ಚಾಗಿಯೇ ಹಾಕಿದಳು. ಅಪ್ಪ ಕೆಮ್ಮುತ್ತ ಹೊರಗೆ ಹೋದರು.

ಹಬ್ಬದ ಸಂಜೆ ಹೆಂಗಸರೆಲ್ಲ ರೇಷ್ಮೆ ಸೀರೆಯುಟ್ಟು, ಆರತಿ ತಟ್ಟೆ ಹಿಡಿದು ಹಿತ್ತಲಿಗೆ ಬಂದರು. ಅರಿಶಿನ ಬಳಿದ ಬಕೆಟಿನಲ್ಲಿ ನೆಲ್ಲಿಕೊಂಬೆಯ ಪಕ್ಕ ಬಾಡಿದ ತುಳಸಿ ನೋಡಿ, "ಏನ್ರೀ ಇದು, ಕಟ್ಟೆ ಎಲ್ಲಿ?" ಎಂದು ಕೇಳಿದರು.

ಅಮ್ಮ ಏನನ್ನೂ ಮುಚ್ಚಿಡಲಿಲ್ಲ. ಟ್ಯಾಂಕು, ಮುಚ್ಚಳ, ಬೇರು ಎಲ್ಲವನ್ನೂ ಹೇಳಿದಳು. "ಇಷ್ಟು ವರ್ಷ ನೀವು ಇಲ್ಲಿಂದ ಎಲೆ ತಗೊಂಡು ಹೋಗಿದೀರಿ. ಹೇಳದೆ ಆರತಿ ಎತ್ತಿಸಿದ್ರೆ ನನಗೆ ಒಳ್ಳೇದಾಗಲ್ಲ. ಕೈಗುಣ ಕೈಗುಣ ಅಂದ್ರಿ, ಅದು ಕೈಗುಣ ಅಲ್ಲ ಕಣ್ರೀ. ತಪ್ಪಾಯ್ತು" ಎಂದು ಕೈ ಮುಗಿದಳು.

ಇನ್ನು ತಟ್ಟೆ ಎತ್ತಿಕೊಂಡು ಹೊರಟುಬಿಡುತ್ತಾರೆ ಎಂದು ನಾನು ಉಗುರು ಕಚ್ಚುತ್ತ ನಿಂತಿದ್ದೆ. ಆದರೆ ಅವರು ಯಾರೂ ಅಮ್ಮನನ್ನು ನೋಡುತ್ತಿರಲಿಲ್ಲ. ಎಲ್ಲರೂ ಕಾಂಪೌಂಡಿನಾಚೆ ತಮ್ಮ ತಮ್ಮ ಹಿತ್ತಲಿನ ಕಡೆ ಕತ್ತು ಚಾಚಿದ್ದರು.

ಎದುರುಮನೆಯವರು ಮೆಲ್ಲಗೆ, "ಅಲ್ಲ ಕಣ್ರೀ, ನಮ್ಮನೆ ಹಿತ್ತಲಲ್ಲೂ ಅಂಥದ್ದೇ ನುಣ್ಣನೆ ಜಾಗ ಇತ್ತು. ಎಷ್ಟು ಚೆನ್ನಾಗಿದೆ ಅಂತ ನಾನೂ ಅಲ್ಲೇ…" ಎಂದರು.

"ನಾವೂ ಅಲ್ಲೇ" ಎಂದರು ಇನ್ನೊಬ್ಬರು.

"ಅಯ್ಯೋ ರಾಮ, ಎಲ್ಲಾ ಮನೇದೂ ಒಂದೇ ಪ್ಲಾನ್ ತಾನೆ!" ಎಂದು ಮೂಲೆಮನೆಯ ಅಜ್ಜಿ ಹಣೆ ಚಚ್ಚಿಕೊಂಡರು. ಬೀದಿಯಲ್ಲೆಲ್ಲ ಅವರದೇ ಅತಿ ಹೆಚ್ಚು ಮಡಿ. ಒಂದು ಗಳಿಗೆ ಏನೋ ಲೆಕ್ಕ ಹಾಕಿದರು. ಆಮೇಲೆ ಅಮ್ಮನ ಕಡೆ ತಿರುಗಿ, "ಅಲ್ವೇ, ಎಲ್ಲರ ಕಟ್ಟೆಯೂ ಅದರ ಮೇಲೇ ಇದ್ರೆ ನಮ್ಮದೆಲ್ಲ ಯಾಕೆ ಇಷ್ಟೇ ಇಷ್ಟು ಬೆಳೀತು? ನಿನ್ನದು ಮಾತ್ರ ಯಾಕೆ ಹಾಗೆ ಬೆಳೀತು? ಅದು ನಿನ್ನ ಕೈಗುಣವೇ ಕಣೇ!" ಎಂದರು.

ಹೌದು, ಹೌದು ಎಂದು ಬಳೆಗಳೆಲ್ಲ ಸದ್ದು ಮಾಡಿದವು. ಅಮ್ಮನ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಪ್ಪನಿಗೆ ಇದನ್ನು ಸಹಿಸಲಾಗಲಿಲ್ಲ. "ಹಾಗಲ್ಲ, ನಮ್ಮ ಚಪ್ಪಡೀಲಿ ಒಂದು ಬಿರುಕು…" ಎಂದು ಶುರುಮಾಡಿದರು.

ಅಷ್ಟು ದಿನ ಮಾತು ಬಿಟ್ಟಿದ್ದ ಅಮ್ಮ ತಿರುಗಿ ನೋಡಿದಳು.

"ನೀವು ಸುಮ್ನಿರಿ, ಹೆಂಗಸರು ಮಾತಾಡ್ತಾ ಇದೀವಿ" ಎಂದಳು.